ಏರುಚಂದ್ರನ ಬಿದಿರು

ಎಲ್ ರೆಮಾನ್ಸೊ, ಕಾಲ್ದಾಸ್ ಬೆಟ್ಟ
ಫೆಬ್ರವರಿ 6, 1994

ಮೇಸ್ತ್ರಿ ಎವೆಲಿಯೊ ಗ್ರಾಹಾಲೆಸ್ ಅವರಿಗೆ,

ನನ್ನ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ, ನನ್ನ ಸಾರು ನೆನಪಿರಬಹುದು. ಎಲ್ ರೆಮಾನ್ಸೊ ತೋಟದಮನೆಯಲ್ಲಿ ಕಾಫಿ ಕೀಳುವವರಿಗೆ ಇಪ್ಪತ್ತಾರು ವರ್ಷ ಬೇಯಿಸಿ ಹಾಕಿದ ನೊಹೆಮಿ ನಾನು. ಜಗಲಿಯ ಸೂರು ಸರಿಮಾಡಲು ಬಂದಿದ್ದಾಗ ನೀವು ಬಟ್ಟಲು ಕೆಳಗಿಟ್ಟು, "ಸಾರಿಗೆ ಉಪ್ಪಿಲ್ಲ, ತಪ್ಪು ಯಾರದೂ ಅಲ್ಲ" ಎಂದಿದ್ದಿರಿ. ಅದನ್ನು ಕ್ಷಮಿಸಿದ್ದೇನೆ, ಮರೆತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಧಣಿಗಳ ಕೊನೆಯ ಮೊಮ್ಮಗಳು ಆ ಮನೆಯನ್ನು ಊರಿಗೆ ಬರೆದುಕೊಟ್ಟಿದ್ದಾಳೆ. ಮಹಡಿಯ ನೆಲ ಮೂರು ಕಡೆ ಕುಸಿದಿದೆ, ತಡಿಕೆ ಗೋಡೆಗಳ ಮಣ್ಣು ಉದುರಿ ಒಳಗಿನ ಬಿದಿರು ಹಲ್ಲು ತೋರಿಸುತ್ತಿದೆ. ಆದರೂ ಮನೆ ನಿಂತಿದೆ. ನಮಗೆ ಒಂದು ಜಾಗ ಬೇಕು ಮೇಸ್ತ್ರಿಗಳೇ. ಕೂಸುಗಳಿಗೆ ಸೂಜಿಮದ್ದು ಹಾಕಿಸಬೇಕು, ತಾಯಂದಿರು ಕಾಫಿ ಕೀಳಲು ಹೋದಾಗ ಮಕ್ಕಳನ್ನು ಕೂರಿಸಬೇಕು, ಸತ್ತವರನ್ನು ಮಲಗಿಸಿ ಜಾಗರಣೆ ಮಾಡಬೇಕು. ಸದ್ಯಕ್ಕೆ ಈ ಮೂರೂ ನನ್ನ ಅಡುಗೆಮನೆಯಲ್ಲೇ ನಡೆಯುತ್ತವೆ. ಮೂರೂ ಒಂದೇ ದಿನ ಬಿದ್ದರೆ ಕಷ್ಟ.

ಕಳೆದ ವಾರ ಊರಿನ ಸಭೆಗೆ ಮೇಯರ್ ಬಂದಿದ್ದರು. "ದೋನ್ಯಾ ನೊಹೆಮಿ, ಈ ಬಿದಿರು ಮಣ್ಣು ಎಲ್ಲ ಕೆಡವಿಸಿ ಸಿಮೆಂಟ್ ಹಾಕ್ಸೋಣ. ಅಜ್ಜಂದಿರ ಕಾಲ ಮುಗೀತು" ಎಂದರು. ಊರಿನ ಸಮಿತಿಗೆ ಈಗ ನಾನೇ ಅಧ್ಯಕ್ಷೆ, ಸುಮ್ಮನಿರಲು ಆಗಲಿಲ್ಲ. ಎದ್ದುನಿಂತು, "ಈ ಮನೆ ನೂರಹತ್ತು ವರ್ಷದಿಂದ ನಿಂತಿದೆ ಸ್ವಾಮಿ. ಕಟ್ಟಿದವರು ಚಂದ್ರನ್ನ ನೋಡಿ ಬಿದಿರು ಕಡಿದಿದ್ರು. ನಾವೂ ಹಂಗೇ ಕಡೀತೀವಿ. ನಿಮ್ಮ ಸಿಮೆಂಟಿಗೆ ಚಂದ್ರ ಅಂದ್ರೆ ಯಾರು ಅಂತ ಗೊತ್ತಾ?" ಎಂದೆ. ಜನ ಚಪ್ಪಾಳೆ ಹೊಡೆದರು. ನನಗೂ ನನ್ನ ಮಾತು ಬಹಳ ಹಿಡಿಸಿತು.

ಮೇಯರ್ ನಕ್ಕು, "ಆಯ್ತು. ಜುಲೈ ಹತ್ತಕ್ಕೆ ಇಡೀ ಊರು ಆ ಮಹಡಿ ಮೇಲೆ ನಿಂತು ತೋರಿಸ್ಲಿ. ನೆಲ ಅಲುಗಿದ್ರೆ ಮಾರನೇ ತಿಂಗಳು ಬುಲ್ಡೋಜರ್" ಎಂದು ಜೀಪು ಹತ್ತಿದರು.

ನೆಲಕ್ಕೆ ನೂರಿಪ್ಪತ್ತು ಬಿದಿರು ಬೇಕೆಂದು ನನ್ನ ಲೆಕ್ಕ. ಹೇಗೆ, ಯಾವಾಗ ಎಂದು ಬರೆಯಿರಿ. ನಿಮ್ಮಂಥ ಮೇಸ್ತ್ರಿ ಈ ಬೆಟ್ಟದಲ್ಲಿ ಈಗ ಒಬ್ಬರೂ ಉಳಿದಿಲ್ಲ.

ನೊಹೆಮಿ ಅರೊಯಾವೆ


ಬುಯೆನವೆಂತುರಾ
ಫೆಬ್ರವರಿ 20, 1994

ದೋನ್ಯಾ ನೊಹೆಮಿಯವರಿಗೆ,

ಸಾರು ನೆನಪಿದೆ. ಆ ಮಾತು ಆಡಿದ್ದಕ್ಕೆ ನನ್ನ ಹೆಂಡತಿ ದಾರಿಯುದ್ದಕ್ಕೂ ಬೈದದ್ದೂ ನೆನಪಿದೆ.

ಸೊಂಟ ಹೋದಮೇಲೆ ಈ ಬಂದರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಅವಳು ಮೀನು ಕರಿದು ಮಾರುತ್ತಾಳೆ, ನಾನು ಕೂತು ಕಡಲು ಕಾಯುತ್ತೇನೆ. ಇಲ್ಲಿ ಎಲ್ಲವೂ ಕಾಂಕ್ರೀಟು, ಉಪ್ಪುಗಾಳಿಗೆ ಎಲ್ಲದಕ್ಕೂ ಬಿರುಕು. ನಿಮ್ಮ ಕಾಗದವನ್ನು ಮೂರು ಸಲ ಓದಿದೆ.

ನನ್ನ ಗುರು ಬರೆದುಕೊಳ್ಳಲು ಬಿಡುತ್ತಿರಲಿಲ್ಲ, ಬಾಯಿಪಾಠ ಮಾಡಿಸುತ್ತಿದ್ದ. ನೀವೂ ಮಾಡಿ:

ಚಂದ್ರ ಇಳಿದರೆ ಕಡಿ, ಚಂದ್ರ ಏರಿದರೆ ತಡಿ.
ಮೈಮೇಲೆ ಮಚ್ಚೆ ಇದ್ದರೆ ಮುದಿಬಿದಿರು, ಮಿರಮಿರ ಮಿಂಚಿದರೆ ಎಳೆಬಿದಿರು.

ಇದೇ 26ಕ್ಕೆ ಹುಣ್ಣಿಮೆ. ಅಲ್ಲಿಂದ ಮಾರ್ಚ್ 11ರೊಳಗೆ, ಬೆಳಕು ಹರಿಯುವ ಮುಂಚೆ ಕಡಿಯಬೇಕು. ಆಗ ರಸ ಬೇರಿಗೆ ಇಳಿದಿರುತ್ತದೆ. ಚಂದ್ರ ಏರುವಾಗ ಕಡಿದರೆ ರಸ ಮೈಯಲ್ಲೇ ನಿಂತು ಸಿಹಿಯಾಗುತ್ತದೆ, ಸಿಹಿಗೆ ಕುಟ್ಟೆಹುಳ ಬರುತ್ತದೆ, ಹುಳ ಬಂದರೆ ಬಿದಿರು ಹಿಟ್ಟಾಗುತ್ತದೆ. ಕಡಿದಮೇಲೆ ಸೊಪ್ಪು ಸವರದೆ, ಬುಡ ಕಲ್ಲಿನ ಮೇಲಿಟ್ಟು, ಮೆಳೆಯಲ್ಲೇ ಮೂರು ವಾರ ನಿಲ್ಲಿಸಿ. ಹುಳಿವಾಸನೆ ಬಂದಮೇಲೆ ಹೊರಬಹುದು.

ಇನ್ನೊಂದು ಮಾತು. ಮಹಡಿ ಮೆಟ್ಟಿಲ ಹಿಂದಿನ ಕೋಣೆಯ ಗೋಡೆಯನ್ನು ನಾನು 1961ರಲ್ಲಿ ಕಟ್ಟಿದ್ದು. ಅದು ಚೆನ್ನಾಗಿದೆ. ಅದನ್ನು ಬಿಚ್ಚಬೇಡಿ.

ಎವೆಲಿಯೊ ಗ್ರಾಹಾಲೆಸ್


ಎಲ್ ರೆಮಾನ್ಸೊ
ಮಾರ್ಚ್ 27, 1994, ಗರಿಗಳ ಭಾನುವಾರ

ಮೇಸ್ತ್ರಿಗಳೇ,

ನಿಮ್ಮ ಬಾಯಿಪಾಠ ಈಗ ಊರಿನ ಮಕ್ಕಳಿಗೆಲ್ಲ ಬರುತ್ತದೆ. ಕೋಳಿ ಅಟ್ಟುವಾಗಲೂ ಅದನ್ನೇ ಹಾಡುತ್ತವೆ.

ಒಂದು ಸಾವಿನ ಸುದ್ದಿ. ಮಾರ್ಚ್ 3ಕ್ಕೆ ದೋನ್ ಉಬಾಲ್ದೊ ತೀರಿಕೊಂಡರು. ನಿಮಗೆ ಗೊತ್ತಲ್ಲ, ಹೇಸರಗತ್ತೆಗಳಿಗೂ 'ತಾವು' ಎನ್ನುತ್ತಿದ್ದ ಮನುಷ್ಯ. ಒಂಬತ್ತು ದಿನದ ಪ್ರಾರ್ಥನೆ ಮುಗಿಯುವವರೆಗೆ ಊರಲ್ಲಿ ಯಾರೂ ಮಚ್ಚು ಮುಟ್ಟಲಿಲ್ಲ. ಅವರ ಹೆಂಡತಿ ಒತಿಲಿಯಾಳ ಪಕ್ಕ ನಾನು ಒಂಬತ್ತು ದಿನವೂ ಕೂತಿದ್ದೆ.

ಬಿದಿರು ಬಂದಿದೆ. ನೂರಿಪ್ಪತ್ತು, ಎಲ್ಲದರ ಮೈಮೇಲೂ ಮಚ್ಚೆ. ನನ್ನ ಮಗಳ ನಾಮಕರಣಕ್ಕೆ ನಿಂತ ಕೊಂಪಾದ್ರೆ ಲಿಬೋರಿಯೊ ಹೊಳೆಯಾಚೆಯ ಮೆಳೆಯಿಂದ ಹೇಸರಗತ್ತೆಗಳಿಂದ ಎಳೆಸಿ ತಂದ. ಚಂದ್ರ ಎಲ್ಲಿರಬೇಕೋ ಅಲ್ಲೇ ಇದ್ದ. ಎಲ್ಲವೂ ಮೇಸ್ತ್ರಿ ಹೇಳಿದಂತೆಯೇ ಆಯಿತೆಂದು ಸಮಿತಿಗೂ ಹೇಳಿದ್ದೇನೆ.

ಇಂದು ಪಾದ್ರಿಗಳು ಬಿದಿರ ರಾಶಿಯ ಮೇಲೂ ಎರಡು ಹನಿ ತೀರ್ಥ ಚಿಮುಕಿಸಿದರು. ನಾನು ಸ್ವಲ್ಪ ಹಿಂದೆ ನಿಂತಿದ್ದೆ.

ನೊಹೆಮಿ


ಬುಯೆನವೆಂತುರಾ
ಏಪ್ರಿಲ್ 17, 1994

ದೋನ್ಯಾ ನೊಹೆಮಿಯವರಿಗೆ,

ಉಬಾಲ್ದೊ ಒಳ್ಳೆಯ ಮನುಷ್ಯ. ನನಗೆ ಒಮ್ಮೆ ತನ್ನ ಟೋಪಿ ಕೊಟ್ಟು ಮಳೆಯಲ್ಲಿ ನೆನೆದು ಹೋಗಿದ್ದ.

ನಿಮ್ಮ ಕಾಗದ ಓದಿ ಗೋಡೆಯ ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಮುದುಕನಿಗೆ ಬೇರೆ ಕೆಲಸವಿಲ್ಲ. ಒಂಬತ್ತು ದಿನ ಮುಗಿಯುವುದೂ ಚಂದ್ರ ಮುಗಿಯುವುದೂ ಒಂದೇ ದಿನ ಆಗುತ್ತದೆ. ಹಾಗಾದರೆ ನೀವು ಹುಣ್ಣಿಮೆ ಆದ ಕೂಡಲೇ, ಉಬಾಲ್ದೊ ಇನ್ನೂ ಉಸಿರಾಡುತ್ತಿದ್ದಾಗಲೇ ಕಡಿಸಿರಬೇಕು. ಬೇಗ ಕೆಲಸ ಮಾಡುವವರು ನೀವು ಎಂದುಕೊಂಡೆ. ನೀವು ಕಡಿದು ಮುಗಿಸಲಿಕ್ಕೂ ಅವನು ಸಾಯಲಿಕ್ಕೂ ಸರಿಹೋಯಿತು. ಅವನು ಯಾವಾಗಲೂ ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬಂದವನಲ್ಲ.

ಇಲ್ಲಿ ಮೀನು ತಿನ್ನಲು ಬರುವವರಿಗೆಲ್ಲ ನಿಮ್ಮ ಕಥೆ ಹೇಳುತ್ತೇನೆ. "ಬೆಟ್ಟದಲ್ಲಿ ಒಬ್ಬ ಅಡುಗೆಯವಳು ಮೇಯರನ್ನ ಚಂದ್ರನಿಂದ ಹೊಡೆದಳು" ಎಂದರೆ ಹಡಗಿನವರು ಇನ್ನೊಂದು ಮೀನು ಹಾಕಿಸಿಕೊಳ್ಳುತ್ತಾರೆ. ಮಗಳಿಗೆ ವ್ಯಾಪಾರ, ನನಗೆ ಉಪಕಾರ.

ಶನಿವಾರದ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ನನ್ನ ಗುರುವಿನ ತೂಗುಗುಂಡು, ಹಿತ್ತಾಳೆಯದು. ದಾರಕ್ಕೆ ಕಟ್ಟಿ ಇಳಿಬಿಟ್ಟರೆ ಕಂಬ ನೆಟ್ಟಗಿದೆಯೋ ಇಲ್ಲವೋ ಹೇಳುತ್ತದೆ. ಸುಳ್ಳು ಹೇಳಲು ಬಾರದ ವಸ್ತು. ಆ ಮನೆಯಲ್ಲೇ ಇರಲಿ.

ಎವೆಲಿಯೊ


ಎಲ್ ರೆಮಾನ್ಸೊ
ಮೇ 22, 1994

ಮೇಸ್ತ್ರಿಗಳೇ,

ತೂಗುಗುಂಡು ಬಂದು ಬಹಳ ದಿನವಾಯಿತು. ತಿಳಿಸದಿದ್ದುದು ತಪ್ಪು. ಅಡುಗೆಮನೆಯ ಹಿಟ್ಟಿನ ಡಬ್ಬದ ಹಿಂದೆ ಜೋಪಾನವಾಗಿದೆ.

ಕಳೆದ ಎರಡು ಶನಿವಾರ ಮುಯ್ಯಾಳು ಕೂಡಿದೆವು. ಮನೆಗೊಬ್ಬರು ಬಂದರು. ಗಂಡಸರು ಬಿದಿರು ಜಜ್ಜಿ ಬಿಚ್ಚಿ ಹಾಸಿದರು, ಹೆಂಗಸರು ಮಣ್ಣಿಗೆ ಕುದುರೆ ಲದ್ದಿ ಕಲಸಿ ತುಳಿದರು. ನಾನು ಕೋಳಿ, ಬಾಳೆಕಾಯಿ, ಮರಗೆಣಸು ಹಾಕಿ ದೊಡ್ಡ ಹಂಡೆಯಲ್ಲಿ ಸಾರು ಮಾಡಿದೆ. ಉಪ್ಪು ಸಾಕಷ್ಟಿತ್ತು. ನೆಲ ಮುಗಿದಿದೆ, ಗೋಡೆಗೆ ಸುಣ್ಣವೂ ಆಗಿದೆ. ದೂರದಿಂದ ನೋಡಿದರೆ ಮದುವಣಗಿತ್ತಿ. ಈ ಸಲದ ಚಳಿಗೆ ಊರಿನ ತುಂಬ ಮೊಣಕಾಲು ನೋವು. ಕೆಲಸ ಮುಗಿದ ದಿನ ಮಹಡಿಯಲ್ಲಿ ಕೂತು ಉಣ್ಣೋಣ ಎಂದರೆ ಅರ್ಧ ಜನ ಅಂಗಳದಲ್ಲೇ ಕೂತರು.

ಬಾಗಿಲ ಮೇಲೆ ಹಾಕಲು ಒಂದು ಹಲಗೆ ಕೆತ್ತಿಸುತ್ತಿದ್ದೇವೆ. "ಮೇಸ್ತ್ರಿ ಎವೆಲಿಯೊ ಗ್ರಾಹಾಲೆಸ್, ಇವರ ಒಂದು ಕಂಬವೂ ಬಾಗಲಿಲ್ಲ" ಎಂದು.

ಒಂದು ಸಣ್ಣ ಪ್ರಶ್ನೆ. ನಮ್ಮ ನೆರೆಮನೆಯವಳ ಕೋಳಿಗೂಡಿನ ನೆಲ ಬಿದಿರಿನದು. ಅದರ ಕೆಳಗೆ ದಿನಾ ಬೆಳಿಗ್ಗೆ ಹಳದಿ ಹಿಟ್ಟು ಬಿದ್ದಿರುತ್ತದಂತೆ, ನುಣ್ಣಗೆ, ಮೆಕ್ಕೆಜೋಳದ ಹಿಟ್ಟಿನ ಹಾಗೆ. ಅವಳು ಯಾರೂ ಏಳುವ ಮುಂಚೆ ಗುಡಿಸಿಬಿಡುತ್ತಾಳೆ. ಮಾರನೆಯ ದಿನ ಮತ್ತೆ ಇರುತ್ತದೆ. ಸೀಮೆಎಣ್ಣೆ ಬಳಿದರೆ ಸರಿಹೋದೀತೇ? ಅವಳು ಬಹಳ ಒತ್ತಾಯ ಮಾಡಿದ್ದರಿಂದ ಕೇಳುತ್ತಿದ್ದೇನೆ.

ನೊಹೆಮಿ


ಬುಯೆನವೆಂತುರಾ
ಜೂನ್ 12, 1994

ದೋನ್ಯಾ ನೊಹೆಮಿಯವರಿಗೆ,

ನಿಮ್ಮ ನೆರೆಮನೆಯವಳಿಗೆ ಹೇಳಿ: ಸೀಮೆಎಣ್ಣೆ ಬಳಿದರೆ ಹುಳಕ್ಕೆ ವಾಸನೆ ಬರುತ್ತದೆ, ಹಸಿವು ಹೋಗುವುದಿಲ್ಲ. ಹಿಟ್ಟು ಬೀಳಲು ಶುರುವಾದ ಬಿದಿರಿಗೆ ಮದ್ದಿಲ್ಲ. ಹೊರಗೆ ಚರ್ಮ ಹಾಗೇ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಕೋಳಿಗಳು ಮಾತ್ರ ನಿಲ್ಲುವುದಾದರೆ ಬಿಡಿ, ಕೋಳಿ ಹಗುರ. ಮನುಷ್ಯರು ನಿಲ್ಲುವುದಾದರೆ ಇವತ್ತೇ ಕಿತ್ತುಹಾಕಲಿ.

ಆ ಕೋಳಿಗೂಡು ಎಷ್ಟು ದೊಡ್ಡದು?

ಹಲಗೆ ಕೆತ್ತುವುದನ್ನು ನಿಲ್ಲಿಸಿ. ಇದನ್ನು ಬರೆಯಲು ಕೂತು ಎರಡು ವಾರವಾಯಿತು, ನಾಲ್ಕು ಹಾಳೆ ಹರಿದೆ.

1961ರಲ್ಲಿ ಧಣಿಗಳ ಮಗಳ ಮದುವೆ. ಮಹಡಿಯಲ್ಲಿ ಕುಣಿತ ಆಗಬೇಕು, ಮೆಟ್ಟಿಲ ಹಿಂದಿನ ಗೋಡೆ ಗಟ್ಟಿಯಾಗಬೇಕು. ಹೊಸದಾಗಿ ಮೇಸ್ತ್ರಿ ಎನ್ನಿಸಿಕೊಂಡಿದ್ದೆ. ನನ್ನ ಗುರು "ತಡಿಯೋ ಎವೆಲಿಯೊ, ಇನ್ನ ಎಂಟು ದಿನ ಅಷ್ಟೇ" ಎಂದ. ಧಣಿಗಳ ಮುಂದೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಏರುಚಂದ್ರನಲ್ಲೇ ಕಡಿದೆ. ಮದುವೆಗೆ ಹತ್ತು ದಿನವಿರುವಾಗ ಹಿಟ್ಟು ಬೀಳತೊಡಗಿತು. ಆಗ ಕಿತ್ತುಹಾಕಿದ್ದ ರೈಲುದಾರಿಯಿಂದ ಎರಡು ಕಬ್ಬಿಣದ ಕಂಬಿ ತಂದು, ಧಣಿಗಳು ಪೇಟೆಗೆ ಹೋಗಿದ್ದ ಭಾನುವಾರ ಒಬ್ಬನೇ ಗೋಡೆಯೊಳಗೆ ನಿಲ್ಲಿಸಿ, ಮೇಲೆ ಬಿದಿರು ಹಾಸಿ ಮಣ್ಣು ಮೆತ್ತಿದೆ. ಅಂದಿನಿಂದ ಇಂದಿನವರೆಗೆ ಜನ ಆ ಗೋಡೆಗೆ ಕೈ ಹಚ್ಚಿ, "ಬಿದಿರು ಅಂದ್ರೆ ಇದು" ಎನ್ನುತ್ತಾರೆ. ನನಗೆ ಕೆಲಸ ಸಿಕ್ಕಿದ್ದೆಲ್ಲ ಆ ಗೋಡೆ ತೋರಿಸಿ. ಗುರು ಸಾಯುವಾಗ ತೂಗುಗುಂಡನ್ನು ನನ್ನ ಕೈಗೆ ಹಾಕಿದ, ಅದೂ ಆ ಗೋಡೆಯಿಂದಲೇ.

ಬಾಗಿಲ ಮೇಲೆ ಹೆಸರು, ಗೋಡೆಯೊಳಗೆ ಕೆಸರು. ಬೇಡ.

ಎವೆಲಿಯೊ


ತಂತಿ
ಜುಲೈ 9, 1994

ಕೋಳಿಗೂಡು ನಲವತ್ತು ಅಡಿ ಉದ್ದ ಹದಿನೆಂಟು ಅಡಿ ಅಗಲ. ನಾಳೆ ಹತ್ತನೇ ತಾರೀಕು. ನೊಹೆಮಿ


ಎಲ್ ರೆಮಾನ್ಸೊ
ಜುಲೈ 17, 1994

ಮೇಸ್ತ್ರಿಗಳೇ,

ಮೊದಲು ತಾರೀಕು ಹೇಳಿಬಿಡುತ್ತೇನೆ: ಮಾರ್ಚ್ 19, ಸಂತ ಹೋಸೆಯ ದಿನ. ಬಡಗಿಗಳ ಸಂತನ ಹಬ್ಬದಲ್ಲೇ ನಾನೂ ಲಿಬೋರಿಯೊನೂ ಅವನ ಇಬ್ಬರು ತಮ್ಮಂದಿರೂ ಕಡಿದೆವು. ಉಬಾಲ್ದೊನ ಒಂಬತ್ತು ದಿನ ಕಳೆಯುವಷ್ಟರಲ್ಲಿ ಚಂದ್ರ ಮುಗಿದಿದ್ದ. ಮುಂದಿನ ಇಳಿತ ಬರುವುದು ಪವಿತ್ರ ವಾರದಲ್ಲಿ. ಆಗ ಹಸಿರು ಕಡಿದರೆ ರಕ್ತ ಬರುತ್ತದೆಂದು ಇಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಅದು ಕಳೆದರೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಲಿಬೋರಿಯೊ, "ಕೊಮಾದ್ರೆ, ಮೇಯರ್ ಹತ್ರ ಹೋಗಿ ಇನ್ನೆರಡು ತಿಂಗಳು ಕೇಳಿ" ಎಂದ. ಅಷ್ಟು ದೊಡ್ಡ ಮಾತಾಡಿದಮೇಲೆ ಕೇಳಲು ಹೋಗಲಾರದೆ ಹೋದೆ. ಮೂರು ವಾರ ನಿಲ್ಲಿಸಲೂ ಇಲ್ಲ. ಚಂದ್ರನನ್ನು ಮುಂದಿಟ್ಟು ಮೇಯರನ್ನು ಗೆದ್ದವಳು, ಚಂದ್ರನಿಗೇ ಮೋಸ ಮಾಡಿದೆ.

ನಿಮ್ಮ ಕಾಗದ ಬಂದಮೇಲೂ ಮೂರು ವಾರ ಸುಮ್ಮನಿದ್ದೆ. ದಿನಾ ಬೆಳಿಗ್ಗೆ ಗುಡಿಸಿದೆ. ಒಂದು ದಿನ ಬೊಗಸೆ ತುಂಬ ಬಂತು.

ಹತ್ತರಂದು ಎಲ್ಲರೂ ಅಂಗಳದಲ್ಲಿ ಸೇರಿದರು. ಮೇಯರ್, ಅವರ ಇಂಜಿನಿಯರ್, ಬ್ಯಾಂಡಿನವರು, ಒಗೆದ ಅಂಗಿ ಹಾಕಿದ ಇಡೀ ಊರು. ಪಾದ್ರಿ ಪ್ರಾರ್ಥನೆ ಮುಗಿಸಿ, "ಹತ್ತೋಣ" ಎಂದರು. ಜನ ಹೊರಟರು. ನಾನು ಕೆಳಗಿನ ಮೆಟ್ಟಿಲಲ್ಲಿ ಎರಡೂ ಕೈ ಚಾಚಿ ನಿಂತೆ.

"ಯಾರೂ ಹತ್ತಬೇಡಿ. ಬಿದಿರು ಏರುಚಂದ್ರನಲ್ಲಿ ಕಡಿದದ್ದು. ಹುಳ ಬಿದ್ದಿದೆ. ನಾನು ಸುಳ್ಳು ಹೇಳಿದೆ."

ಬ್ಯಾಂಡಿನವನೊಬ್ಬ ಅರ್ಥವಾಗದೆ ಒಂದು ಸಲ ಡೋಲು ಬಡಿದು ನಿಲ್ಲಿಸಿದ. ಮೇಯರ್ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಒತಿಲಿಯಾ, ಉಬಾಲ್ದೊನ ವಿಧವೆ, ಕಪ್ಪು ಶಾಲು ಹೊದ್ದುಕೊಂಡೇ ಮುಂದೆ ಬಂದಳು. "ಗೊತ್ತಿತ್ತು ಕಣೆ" ಎಂದಳು.

"ಏನು ಗೊತ್ತಿತ್ತು?"

"ಸಂತ ಹೋಸೆ ದಿನ ಸಂಜೆ ನಿನ್ ಕೊಂಪಾದ್ರೆ ಹೇಸರಗತ್ತೆ ಹೊಡ್ಕೊಂಡು ಬರ್ತಿದ್ದಾಗ ಅರ್ಧಚಂದ್ರ ನೆತ್ತಿ ಮೇಲಿದ್ದ. ಊರೆಲ್ಲ ಜಗಲಿ ಮೇಲೆ ಕೂತಿತ್ತು. ನಮಗೇನು ಕಣ್ಣಿಲ್ವಾ? ಬೆಟ್ಟದಲ್ಲಿ ಚಂದ್ರನ್ನ ಯಾವ ಸೆರಗಲ್ಲಿ ಮುಚ್ಚಿಡ್ತೀಯ?"

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

"ನೀನೇ ಬಿಡ್ತೀಯ ಅಂತ ಕಾದ್ವಿ. ನಿಂಗೆ ತಡ ಆಗಿದ್ದು ನನ್ ಗಂಡ ಸತ್ತಾಗ ನನ್ ಪಕ್ಕ ಕೂತಿದ್ದಕ್ಕೆ. ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಹಿಂದಿನಿಂದ ಇನ್ನೊಬ್ಬಳು, "ದಿನಾ ಬೆಳಿಗ್ಗೆ ನಿನ್ ಲಂಗದ ಅಂಚಿಗೆ ಹಳದಿ ಹಿಟ್ಟು. ಅರೆಪಾ ರೊಟ್ಟಿ ತಟ್ತಿದ್ದೀಯೇನೋ ಅಂದ್ಕೊಳ್ಳೋಣ ಅಂತ ನಾವೇ ನಾವೇ ಮಾತಾಡ್ಕೊಂಡಿದ್ವಿ" ಎಂದಳು.

ಮೊಣಕಾಲು ನೋವು ನೆನಪಾಯಿತು ಮೇಸ್ತ್ರಿಗಳೇ. ಇಡೀ ಊರಿಗೆ ಒಟ್ಟಿಗೆ ಬಂದ ಮೊಣಕಾಲು ನೋವನ್ನು ನಾನು ಚಳಿಯ ತಲೆಗೆ ಕಟ್ಟಿದ್ದೆ.

ಅಲ್ಲಿಗೆ ಬಿಟ್ಟಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಕೇಳಿಬಿಟ್ಟೆ: "ಹಂಗಾದ್ರೆ ಇವತ್ತು ಯಾಕೆ ಹತ್ತಕ್ಕೆ ಹೊರಟ್ರಿ?"

ಒತಿಲಿಯಾ ಅಂಗಳದ ಆಚೆಗೆ ಕೈ ತೋರಿಸಿದಳು. ಕಾಫಿ ಒಣಗಿಸುವ ಕಟ್ಟೆಯ ಹತ್ತಿರ ಊರಿನ ಮಕ್ಕಳನ್ನೆಲ್ಲ ಕೂರಿಸಿ ಇಬ್ಬರು ಹುಡುಗಿಯರನ್ನು ಕಾವಲಿಟ್ಟಿದ್ದರು. "ಮಕ್ಕಳನ್ನ ಅಲ್ಲಿ ಬಿಟ್ವಿ. ನಾವು ದೊಡ್ಡೋರು ಹತ್ತೋದು ಅಂತಾಗಿತ್ತು. ಮೇಯರ್ ಎದುರಿಗೆ ನಿನ್ ಮಾತು ಬೀಳಬಾರದಲ್ಲ. ಹಗುರಾಗಿ ನಿಲ್ಲೋಣ ಅಂದ್ಕೊಂಡಿದ್ವಿ."

ಹಗುರಾಗಿ ನಿಲ್ಲುವುದು. ಎಂಟು ದಿನದಿಂದ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ನಾನು ಅಡ್ಡ ನಿಲ್ಲದಿದ್ದರೆ ಅವರು ಉಸಿರು ಬಿಗಿಹಿಡಿದು ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ನನ್ನ ಮಾನಕ್ಕೆ ಅವರು ತಮ್ಮ ಸೊಂಟ ಒಡ್ಡಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಇಂಜಿನಿಯರ್ ಮೇಲೆ ಹೋಗಿ ಒಂದು ಮೂಲೆಯಲ್ಲಿ ಬೂಟು ಒತ್ತಿದರು. ಬೂಟು ನೆಲ ತೂರಿ ಕೆಳಗಿದ್ದ ನಮ್ಮ ತಲೆಯ ಮೇಲೆ ಕಾಣಿಸಿತು. ಮೇಯರ್ ಟೋಪಿ ಹಾಕಿಕೊಂಡು, "ಬುಲ್ಡೋಜರ್ ರಸ್ತೆ ಕೆಲಸಕ್ಕೆ ಹೋಗಿದೆ, ಡಿಸೆಂಬರ್ ತನಕ ಬರಲ್ಲ. ಇದನ್ನ ಕರುಣೆ ಅಂತ ತಿಳ್ಕೋಬೇಡಿ" ಎಂದರು.

ಅಂದೇ ಕಿತ್ತೆವು. ಆ ಬಿದಿರನ್ನೇ ಒಲೆಗೆ ಹಾಕಿ ಸಾರು ಬೇಯಿಸಿದೆ. ಒಂದೊಂದು ಗಿಣ್ಣೂ ಪಟಾಕಿಯಂತೆ ಸಿಡಿಯಿತು. ಪ್ರತಿ ಸಲ ಸಿಡಿದಾಗಲೂ ಯಾರೋ ಒಬ್ಬರು ನನ್ನ ಕಡೆ ನೋಡದ ಹಾಗೆ ಬೇರೆ ಕಡೆ ನೋಡಿದರು.

ಅಧ್ಯಕ್ಷಗಿರಿ ಬಿಡುತ್ತೇನೆ ಎಂದೆ. "ಬಿಟ್ಟು ಮನೇಲಿ ಕೂತ್ಕೊಳ್ಳೋದು ಸುಲಭ, ಇದ್ದು ತಲೆ ತಗ್ಗಿಸಿ ಕೆಲಸ ಮಾಡು" ಎಂದಳು ಒತಿಲಿಯಾ. ಆಗಸ್ಟ್ 21ಕ್ಕೆ ಹುಣ್ಣಿಮೆ. 27ರ ಶನಿವಾರ ಬೆಳಕು ಹರಿಯುವ ಮುಂಚೆ ಕಡಿಯುತ್ತೇವೆ, ಊರೆಲ್ಲ ಹೊರಟು. ಮೂರು ವಾರ ನಿಲ್ಲಿಸುತ್ತೇವೆ. ಲೆಕ್ಕ ಹಾಕಿದರೆ ನವೆಂಬರಿಗೆ ನೆಲ ಮುಗಿಯಬೇಕು. ಮುಗಿಯದಿದ್ದರೆ ಬುಲ್ಡೋಜರ್.

ನಿಮ್ಮ ಹಲಗೆ ಕೆತ್ತುವುದು ನಿಂತಿದೆ, 'ಇವರ ಒಂದು' ಎಂಬಲ್ಲಿಗೆ. ನಿಮ್ಮ ಗೋಡೆಯನ್ನು ನಾನು ಬಿಚ್ಚಿಲ್ಲ, ಒಳಗೇನಿದೆ ಎಂದು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ನನ್ನ ನೆಲದ ಮುಂದೆ ನಾನೇ ನಿಂತೆ. ನಿಮ್ಮ ಗೋಡೆಯ ಮುಂದೆ ನಿಲ್ಲಬೇಕಾದವರು ನೀವು.

ತೂಗುಗುಂಡನ್ನು ಹಿಟ್ಟಿನ ಡಬ್ಬದ ಹಿಂದಿನಿಂದ ತೆಗೆದು ಮಹಡಿಯ ತೊಲೆಗೆ ಕಟ್ಟಿದ್ದೇನೆ. ಕೆಳಗೆ ನೆಲವಿಲ್ಲ, ಅದೊಂದೇ ತೂಗುತ್ತಿದೆ.

ನೊಹೆಮಿ


ಬುಯೆನವೆಂತುರಾ
ಆಗಸ್ಟ್ 7, 1994

ದೋನ್ಯಾ ನೊಹೆಮಿಯವರಿಗೆ,

ಮಗಳಿಗೆ ಹೇಳಿದೆ. ಮೊದಲು ಅವಳಿಗೆ ಹೇಳದೆ ಬಸ್ಸು ಹತ್ತುವುದು ಸರಿಯಲ್ಲ ಎನಿಸಿತು. ಎರಡು ಕಂಬಿ, ಭಾನುವಾರ, ಗುರುವಿನ ತೂಗುಗುಂಡು, ಎಲ್ಲ ಹೇಳಿದೆ. ಅವಳು ಮೀನು ಮಗುಚಿಹಾಕುತ್ತ, "ಅಷ್ಟೇನಾ?" ಎಂದಳು. ಮೂವತ್ತಮೂರು ವರ್ಷ ಹೊತ್ತದ್ದಕ್ಕೆ ಅಷ್ಟೇನಾ. ಹೊರಗೆ ಹೋಗಿ ಬಸ್ಸಿನ ವೇಳೆ ಕೇಳಿಕೊಂಡು ಬಂದೆ.

ಆಗಸ್ಟ್ 26, ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಕೂಡುರಸ್ತೆಯಿಂದ ಮೇಲೆ ನಡೆಯಲಾರೆ, ಲಿಬೋರಿಯೊಗೆ ಒಂದು ಹೇಸರಗತ್ತೆ ತರಲು ಹೇಳಿ, ಮುದಿಯದು. ಶನಿವಾರ ನೀವೆಲ್ಲ ಬಿದಿರು ಕಡಿದು ಬಂದಮೇಲೆ ಗೋಡೆ ಬಿಚ್ಚುತ್ತೇನೆ. ಸುತ್ತಿಗೆ ನನ್ನದೇ ಇದೆ. ಆ ಕಂಬಿಗಳನ್ನು ತೆಗೆದರೆ ಮೆಟ್ಟಿಲ ಹಿಂದೆ ಆರು ಬಿದಿರು ಹೆಚ್ಚಿಗೆ ಬೇಕು. ನೂರಿಪ್ಪತ್ತಾರು ಕಡಿಯಿರಿ.

ಜನ ಸೇರಿಸಬೇಡಿ ಎಂದು ಮೇಲೊಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಸೇರಿಸಿ. ಮಕ್ಕಳನ್ನೂ.

ಸಾರಿಗೆ ಉಪ್ಪು ನಿಮಗೆ ಕಂಡಷ್ಟು ಹಾಕಿ. ನಾನು ಏನೂ ಅನ್ನುವುದಿಲ್ಲ.

ಎವೆಲಿಯೊ